ಅಲಾಯ್ ರಿಮ್ಮೋ, ಕಬ್ಬಿಣದ ರಿಮ್ಮೋ? ಕಾರಿನ ಬಿಡಿಭಾಗದ ಕಾರ್ಬನ್ ಲೆಕ್ಕ ಹಾಕುವುದು ಹೀಗೆ: ಸಮಗ್ರ ಮಾರ್ಗದರ್ಶಿ

ಹೋದ ದೀಪಾವಳಿಗೆ ಶಿರಸಿಗೆ ಹೋದಾಗ ಭಾವ ಒಂದು ಪ್ರಶ್ನೆ ಕೇಳಿದರು. ಕಾರಿಗೆ ಅಲಾಯ್ ರಿಮ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ ಹಾಕಿಸುವ ಯೋಚನೆ ಅವರದು. "ಅಲಾಯ್ ಹಾಕಿದ್ರೆ ಗಾಡಿ ಹಗುರ ಆಗಿ ಮೈಲೇಜ್ ಜಾಸ್ತಿ ಬತ್ತಡ, ಪರಿಸರಕ್ಕೂ ಒಳ್ಳೇದಡ. ಹೌದನ?"

"ತೂಗ್ದೆ ಹೇಳಲೆ ಬತ್ತಿಲ್ಲೆ ಭಾವ" ಅಂದೆ.

ನನ್ನ ಕೆಲಸವೇ ಅದು. ಕಾರಿನ ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳಿಗೆ ಕಾರ್ಬನ್ ಲೆಕ್ಕ ಮಾಡಿಕೊಡುತ್ತೇನೆ. ಅದಿರು ಅಗೆಯುವಲ್ಲಿಂದ ಹಿಡಿದು ಗುಜರಿಗೆ ಹಾಕುವವರೆಗೆ ಒಂದು ಭಾಗದ ಹೆಸರಿನಲ್ಲಿ ಎಷ್ಟು ಹೊಗೆ ಗಾಳಿಗೆ ಹೋಯಿತು ಅನ್ನುವ ಲೆಕ್ಕ ಇದು. ಮೊದಲು ದೊಡ್ಡ ಕಂಪನಿಗಳು ಮಾತ್ರ ಮಾಡುತ್ತಿದ್ದವು. ಈಗ ಹಾಗಿಲ್ಲ. ಅಲ್ಲಿಗೆ ಹೋಗುವ ಮಾಲಿನ ಕಾರ್ಬನ್ ಲೆಕ್ಕ ಕೇಳುವ ಯುರೋಪಿನ ಗಡಿ ಕಾರ್ಬನ್ ನಿಯಮ, ಸಿಬ್ಯಾಮ್ ಅಂತಾರಲ್ಲ, ಅದು 2026ರ ಜನವರಿ 1ರಿಂದ ಪೂರ್ತಿ ಜಾರಿಗೆ ಬಂದಿದೆ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಜೊತೆಗೆ ಉಕ್ಕಿನ ಬೋಲ್ಟು ನಟ್ಟು ಕೂಡ ಅದರಲ್ಲಿ ಬರುತ್ತವೆ. ಹಾಗಾಗಿ ಹತ್ತು ಜನ ಕೆಲಸ ಮಾಡುವ ಶೆಡ್ಡಿಗೂ "ನಿಮ್ಮ ಮಾಲಿನ ಕಾರ್ಬನ್ ಎಷ್ಟು" ಅನ್ನುವ ಪತ್ರ ಬರುತ್ತಿದೆ. ಎಂಜಿನಿಯರಿಂಗ್ ಓದುವ ಹುಡುಗರೂ ಫೈನಲ್ ಇಯರ್ ಪ್ರಾಜೆಕ್ಟಿಗೆ ಇದನ್ನೇ ಆರಿಸಿಕೊಂಡು ಬರುತ್ತಾರೆ. ಇದರ ಜಾಗತಿಕ ನಿಯಮಾವಳಿ ಐಎಸ್‌ಒ 14040 ಮತ್ತು 14044, ಎರಡೂ 2006ರವು. ಕಾರ್ಬನ್ ಒಂದಕ್ಕೇ ಅಂತ 2018ರ 14067 ಇದೆ. ಓದಿ, ಆದರೆ ಅದನ್ನೇ ಓದುತ್ತಾ ಕೂತರೆ ಲೆಕ್ಕ ಬರುವುದಿಲ್ಲ. ಒಂದು ಭಾಗ ಕೈಗೆ ತೆಗೆದುಕೊಂಡು ಮಾಡಬೇಕು. ಭಾವನ ರಿಮ್ಮನ್ನೇ ತೆಗೆದುಕೊಳ್ಳೋಣ.

ಹಂತ 1: ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಳ್ಳಿ

"ಒಂದು ರಿಮ್ಮಿಗೆ ಎಷ್ಟು ಕಾರ್ಬನ್" ಅಂತ ಕೇಳಿದರೆ ಅರ್ಧ ಪ್ರಶ್ನೆ. ಆ ರಿಮ್ ಎಷ್ಟು ದೂರ ಓಡಿತು ಅನ್ನುವುದು ಉಳಿದರ್ಧ. ಒಂದು ಬ್ರೇಕ್ ಡಿಸ್ಕ್ ಸಪಾಟು ರಸ್ತೆಯಲ್ಲಿ ಓಡಿದ್ದಕ್ಕೂ, ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬಂದಿದ್ದಕ್ಕೂ ಆಯಸ್ಸು ಒಂದೇ ಇರುತ್ತದಾ? ಘಟ್ಟದ ಗಾಡಿಗೆ ಎರಡು ಜೊತೆ ಡಿಸ್ಕ್ ಬೇಕಾದರೆ ಕಾರ್ಬನ್ನೂ ಎರಡರಷ್ಟು. ತುಂಡಿನ ಲೆಕ್ಕ ಕೊಟ್ಟರೆ ಈ ಫರಕು ಕಾಣುವುದೇ ಇಲ್ಲ.

ಅದಕ್ಕೇ ಮೊದಲು ಅಳತೆಯ ಘಟಕ ಬರೆದುಕೊಳ್ಳಬೇಕು. ನಾನು ಬರೆದುಕೊಂಡಿದ್ದು ಇಷ್ಟು: ಒಂದು ಪೆಟ್ರೋಲ್ ಕಾರು, ನಾಲ್ಕು ರಿಮ್, 1,50,000 ಕಿಲೋಮೀಟರ್ ಓಟ. ಸ್ಟೆಪ್ನಿ ಬಿಟ್ಟಿದ್ದೇನೆ, ಯಾಕೆಂದರೆ ಅಲಾಯ್ ಇರುವ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಕಬ್ಬಿಣದ್ದೇ ಇರುತ್ತದೆ, ಎರಡೂ ಕಡೆ ಒಂದೇ. ಬಿಟ್ಟಿದ್ದನ್ನು ಬಿಟ್ಟಿದ್ದೇನೆ ಅಂತ ಬರೆದಿಡುವುದು ಮುಖ್ಯ.

ಹಂತ 2: ಗಡಿ ಎಳೆಯಿರಿ

ಒಂದು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಅದಿರು, ಲೋಹ, ರಿಮ್ ತಯಾರಿ, ಸಾಗಣೆ, ಓಟ, ಗುಜರಿ. ಆರು ಚೌಕ, ನಡುವೆ ಬಾಣ. ಗಿರಾಕಿ ಕೇಳಿದ್ದು ಕಾರ್ಖಾನೆಯ ಗೇಟಿನವರೆಗಿನ ಲೆಕ್ಕ ಮಾತ್ರವಾದರೆ ಮೊದಲ ಮೂರು ಚೌಕ, ಜೊತೆಗೆ ಕಚ್ಚಾಮಾಲು ಗೇಟಿಗೆ ಬಂದ ಸಾಗಣೆ. ಪೂರ್ತಿ ಆಯುಷ್ಯದ್ದಾದರೆ ಆರೂ ಬೇಕು. ಈ ಎರಡನ್ನು ಬೆರೆಸಿ ಹೋಲಿಸುವ ತಪ್ಪು ನಾನು ನೋಡಿದಷ್ಟು ಬೇರೆ ಯಾವುದನ್ನೂ ನೋಡಿಲ್ಲ: ಒಬ್ಬರ ಗೇಟಿನವರೆಗಿನ ಅಂಕಿ, ಇನ್ನೊಬ್ಬರ ಪೂರ್ತಿ ಅಂಕಿ, ಪಕ್ಕಪಕ್ಕ ಇಟ್ಟು "ನಮ್ಮದು ಕಮ್ಮಿ" ಅನ್ನುವುದು.

ವಾಲ್ವಿನ ರಬ್ಬರು, ಸ್ಟಿಕ್ಕರು, ಪ್ಯಾಕಿಂಗ್ ರಟ್ಟು ಇಂಥ ಸಣ್ಣ ಸಾಮಾನನ್ನು ಬಿಡಬಹುದು. ಆದರೆ ಬಿಟ್ಟಿದ್ದೆಲ್ಲ ಸೇರಿ ಒಟ್ಟಿನಲ್ಲಿ ತೀರ ಸಣ್ಣ ಪಾಲೇ ಆಗಬೇಕು.

ಹಂತ 3: ತೂಗಿ

ಭಾವನ ಮನೆಯಲ್ಲಿ ಚಾಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅಂಗಳದಲ್ಲಿ ಅಡಿಕೆ ಹರವಿತ್ತು, ಅದರ ಪಕ್ಕದಲ್ಲೇ ತಕ್ಕಡಿ ಇಟ್ಟು ಹಳೆಯ ಕಬ್ಬಿಣದ ರಿಮ್ ಏರಿಸಿದೆವು. 14 ಇಂಚಿನದು, 7.4 ಕೆಜಿ. ಟೈರ್ ಅಂಗಡಿಯಿಂದ ನೋಡಿ ಕೊಡುತ್ತೇನೆಂದು ತಂದಿದ್ದ ಅದೇ ಅಳತೆಯ ಅಲಾಯ್ 6.6 ಕೆಜಿ. ಭಾವ ಎರಡನ್ನೂ ಮತ್ತೊಮ್ಮೆ ಎತ್ತಿ ನೋಡಿದರು. ಅರ್ಧಕ್ಕರ್ಧ ಹಗುರ ಇರಬಹುದು ಅಂದುಕೊಂಡಿದ್ದರು, ಫರಕು 800 ಗ್ರಾಂ ಅಷ್ಟೆ. ಅಲಾಯ್ ಅಂದ ತಕ್ಷಣ ಹಗುರ ಅಂದುಕೊಳ್ಳಬೇಡಿ. ಅಲ್ಯೂಮಿನಿಯಂ ಹಗುರ ನಿಜ, ಆದರೆ ಗಟ್ಟಿ ಬರಲಿ, ಚೆಂದ ಕಾಣಲಿ ಅಂತ ಎರಕದಲ್ಲಿ ದಪ್ಪ ಹಾಕಿರುತ್ತಾರೆ.

ಲೋಹ ಯಾವುದು ಅಂತ ಗೊತ್ತಾಗದಿದ್ದರೆ ಅಯಸ್ಕಾಂತ ಹಿಡಿಯಿರಿ, ಮೊದಲ ಜರಡಿಗೆ ಅದು ಸಾಕು. ಹತ್ತಾರು ವಸ್ತು ಸೇರಿದ ಭಾಗವಾದರೆ ಬಿಚ್ಚಿ, ಒಂದೊಂದನ್ನೂ ಬೇರೆ ಬೇರೆ ತೂಗಬೇಕು.

ಇಲ್ಲೇ ಒಂದು ಗುಂಡಿ ಇದೆ, ನಾನೂ ಮೊದಲ ವರ್ಷ ಬಿದ್ದಿದ್ದೇನೆ. ತಕ್ಕಡಿ ತೋರಿಸುವುದು ತಯಾರಾದ ಭಾಗದ ತೂಕ. ಆದರೆ ಅದಕ್ಕೆ ಬಳಸಿದ ಲೋಹ ಅದಕ್ಕಿಂತ ಜಾಸ್ತಿ. ಕಬ್ಬಿಣದ ರಿಮ್ ಅಂತ ನಾವು ಕರೆಯುವುದು ಉಕ್ಕಿನದೇ. ಉಕ್ಕಿನ ಹಾಳೆಯಿಂದ ಗುಂಡಗೆ ಕತ್ತರಿಸುವಾಗ ಮೂಲೆ ಉಳಿಯುತ್ತದೆ, ತೂತು ಹೊಡೆದಾಗ ಬಿಲ್ಲೆ ಉದುರುತ್ತದೆ. 100 ಕೆಜಿ ಹಾಳೆಯಲ್ಲಿ 80 ಕೆಜಿ ರಿಮ್ ಆಯಿತು ಅಂತ ಇಟ್ಟುಕೊಂಡರೆ, ನಾಲ್ಕು ರಿಮ್ಮಿನ 29.6 ಕೆಜಿಗೆ 37 ಕೆಜಿ ಹಾಳೆ ಬೇಕು. ಲೆಕ್ಕಕ್ಕೆ ಹಿಡಿಯಬೇಕಾದ್ದು ಆ 37. ಅಲಾಯ್ ಎರಕದಲ್ಲಿ ಉಳಿಯುವ ಲೋಹ ಮತ್ತು ಲೇತಿನ ಚೂರು ಅಲ್ಲೇ ಮತ್ತೆ ಕುಲುಮೆಗೆ ಹೋಗುವುದರಿಂದ ಲೋಹದ ನಷ್ಟ ಕಮ್ಮಿ, ಆದರೆ ಮತ್ತೆ ಕರಗಿಸುವ ಇಂಧನ ಲೆಕ್ಕಕ್ಕೆ ಬರುತ್ತದೆ.

ಹಂತ 4: ಕಾರ್ಖಾನೆಯ ಬಿಲ್ ಕೇಳಿ

ಹನ್ನೆರಡು ತಿಂಗಳ ಕರೆಂಟ್ ಬಿಲ್, ಜನರೇಟರ್ ಡೀಸೆಲ್ ಖರೀದಿಯ ರಸೀದಿ, ಗ್ಯಾಸ್ ಅಥವಾ ಫರ್ನೇಸ್ ಆಯಿಲ್ ಬಿಲ್. ಒಂದೇ ತಿಂಗಳಿನದು ಸಾಲದು, ಮಳೆಗಾಲದಲ್ಲಿ ಕರೆಂಟ್ ಹೋಗಿ ಜನರೇಟರ್ ಓಡಿದ್ದು ಬೇಸಿಗೆಯ ಬಿಲ್ಲಿನಲ್ಲಿ ಕಾಣುವುದಿಲ್ಲ. ಎಲ್ಲ ಕೂಡಿಸಿ, ಆ ವರ್ಷ ಗೇಟಿನಿಂದ ಹೊರಗೆ ಹೋದ ಒಳ್ಳೆಯ ಮಾಲಿನ ಕೆಜಿಯಿಂದ ಭಾಗಿಸಿ. ರಿಜೆಕ್ಟ್ ಆದ ಮಾಲನ್ನು ಭಾಗಿಸುವ ಕಡೆ ಸೇರಿಸಬೇಡಿ. ಅದಕ್ಕೆ ಖರ್ಚಾದ ಕರೆಂಟೂ ಒಳ್ಳೆಯ ಮಾಲಿನ ತಲೆಯ ಮೇಲೇ ಬರಬೇಕು. ಒಂದೇ ಶೆಡ್ಡಿನಲ್ಲಿ ಬೇರೆ ಬೇರೆ ಭಾಗ ತಯಾರಾಗುತ್ತಿದ್ದರೆ ಮಷಿನ್ನಿಗೊಂದು ಮೀಟರ್ ಹಾಕಿಸುವುದು ಒಳ್ಳೆಯದು. ಆಗದಿದ್ದರೆ ತೂಕದ ಪ್ರಕಾರ ಹಂಚಿ.

ಕರೆಂಟಿನ ವಿಷಯ ಬಂದಾಗ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಪ್ರತಿ ಸಲ ಒಂದು ಮಾತು ಹೇಳುತ್ತಾರೆ. "ನಮ್ಮಲ್ಲಿ ಕೈಗಾ ಇದೆ, ಕದ್ರಾ, ಕೊಡಸಳ್ಳಿ ಇದೆ, ನಾಗಝರಿ ಇದೆ, ನಮ್ಮ ಕರೆಂಟಿಗೆ ಕಾರ್ಬನ್ ಎಲ್ಲಿಂದ ಬರಬೇಕು?" ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ, ಕಾಳಿ ನದಿಗೆ ಸಾಲಾಗಿ ಅಣೆಕಟ್ಟು ಕಟ್ಟಿದ್ದಾರೆ, ಊರು ಬಿಟ್ಟವರ ನೋವೂ ನಮ್ಮದೇ. ಹಾಗಾಗಿ ಆ ಮಾತಿನ ಹಿಂದಿನ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕದಲ್ಲಿ ಹಾಗೆ ಹಿಡಿಯಲು ಬರುವುದಿಲ್ಲ. ಕೈಗಾದ ಕರೆಂಟು ಕಾರವಾರದಲ್ಲೇ ನಿಲ್ಲುವುದಿಲ್ಲ, ಗ್ರಿಡ್ಡಿಗೆ ಹೋಗುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆಗಿ ದಕ್ಷಿಣದ ಗ್ರಿಡ್ಡೂ ದೇಶದ ಗ್ರಿಡ್ಡಿಗೆ ಸೇರಿಕೊಂಡಿತು. ಈಗ ಇಡೀ ದೇಶಕ್ಕೆ ಒಂದೇ ಕೆರೆ, ಎಲ್ಲರೂ ಅದಕ್ಕೇ ಸುರಿಯುತ್ತಾರೆ, ಅದರಿಂದಲೇ ಮೊಗೆಯುತ್ತಾರೆ, ಯಾರ ಕೊಡದಲ್ಲಿ ಯಾರ ನೀರು ಅಂತ ಹೇಳಲು ಬರುವುದಿಲ್ಲ. ಆದ್ದರಿಂದ ಹೆಸ್ಕಾಂ ಬಿಲ್ಲಿನ ಒಂದು ಯೂನಿಟ್ಟಿಗೆ ದೇಶದ ಸರಾಸರಿ, ಅಂದರೆ ಸುಮಾರು 0.7 ಕೆಜಿ ಸಿಓಟು (ಇಂಗಾಲದ ಡೈಆಕ್ಸೈಡ್) ಹಿಡಿಯಿರಿ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಪ್ರತಿ ವರ್ಷ ಪುಕ್ಕಟೆ ಪ್ರಕಟಿಸುತ್ತದೆ, ನಿಮ್ಮ ಬಿಲ್ಲಿನ ವರ್ಷಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ. ಮಾಡಿನ ಮೇಲೆ ನಿಮ್ಮದೇ ಸೋಲಾರ್ ಇದ್ದರೆ ಅದರ ಮೀಟರ್ ರೀಡಿಂಗ್ ಬೇರೆ ಬರೆಯಿರಿ.

ಹಂತ 5: ಲೋಹದ ಅಂಕಿ, ಇಲ್ಲಿ ಅವಸರ ಬೇಡ

ಇಡೀ ಲೆಕ್ಕದಲ್ಲಿ ಅತಿ ಭಾರದ ಹಂತ ಇದು. ಒಂದು ಕೆಜಿ ಲೋಹ ಮಾಡಲು ಎಷ್ಟು ಕೆಜಿ ಸಿಓಟು ಅನ್ನುವ ಗುಣಕ ಬೇಕು. ಸಿಓಟು ಅಂದರೆ ಬರೀ ಅದೊಂದೇ ಅನಿಲ ಅಲ್ಲ, ಉಳಿದವನ್ನೂ ಅದರ ಲೆಕ್ಕಕ್ಕೆ ಇಳಿಸಿರುತ್ತಾರೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕೆಜಿ ಮೀಥೇನ್ ಸುಮಾರು 30 ಕೆಜಿ ಸಿಓಟುಗೆ ಸಮ, ನೈಟ್ರಸ್ ಆಕ್ಸೈಡ್ 273ಕ್ಕೆ.

ಭಾರತದ ಉಕ್ಕಿಗೆ ಸರಾಸರಿ ಸುಮಾರು 2.5. ಕಲ್ಲಿದ್ದಲಿನ ಊದುಕುಲುಮೆಯಿಂದ ಬರುವ ಪಾಲು ದೊಡ್ಡದು, ಅದಕ್ಕೆ ಜಾಸ್ತಿ. ಅಲ್ಯೂಮಿನಿಯಂ ಗುಣಕವನ್ನು ನಾವೇ ಕಟ್ಟಿ ನೋಡೋಣ, ಆಗ ಮನಸ್ಸಿಗೆ ನಾಟುತ್ತದೆ. ಬೆಳಗಾವಿಯಲ್ಲಿ ಬಾಕ್ಸೈಟ್‌ನಿಂದ ಅಲ್ಯೂಮಿನಾ ಪುಡಿ ಮಾಡುವ ಕಾರ್ಖಾನೆ ಇದೆಯಲ್ಲ, ಅಂಥ ಪುಡಿ ಒಂದು ಕೆಜಿ ಲೋಹಕ್ಕೆ ಹತ್ತಿರ ಹತ್ತಿರ ಎರಡು ಕೆಜಿ ಬೇಕು. ಅದರ ಪಾಲು ಎರಡೂವರೆ, ಮೂರು ಕೆಜಿ ಸಿಓಟು. ಆಮೇಲೆ ಪುಡಿಯನ್ನು ಕರೆಂಟ್ ಹಾಯಿಸಿ ಲೋಹ ಮಾಡಬೇಕು, ಅದಕ್ಕೆ ಕೆಜಿಗೆ 14ರಿಂದ 15 ಯೂನಿಟ್. ನಮ್ಮ ದೇಶದ ದೊಡ್ಡ ಸ್ಮೆಲ್ಟರುಗಳು, ಅಂದರೆ ಹೀಗೆ ಲೋಹ ಮಾಡುವ ಕಾರ್ಖಾನೆಗಳು, ಹೆಚ್ಚಾಗಿ ಸ್ವಂತ ಕಲ್ಲಿದ್ದಲು ಸ್ಥಾವರ ಇಟ್ಟುಕೊಂಡಿವೆ. ಅಲ್ಲಿನ ಯೂನಿಟ್ಟಿಗೆ 0.95 ಹಿಡಿದರೆ ಕರೆಂಟೊಂದೇ 13, 14 ಕೆಜಿ ಆಯಿತು. ಜೊತೆಗೆ ಕುಂಡದೊಳಗೆ ಕರೆಂಟ್ ಹಾಯಿಸುವ ಇಂಗಾಲದ ಆನೋಡ್ ಸುಟ್ಟುಹೋಗುತ್ತದೆ, ಅದು ಒಂದೂವರೆ. ಎಲ್ಲ ಸೇರಿ ಸುಮಾರು 18. ಅದೇ ಲೋಹ ಜಲವಿದ್ಯುತ್ತಿನಲ್ಲಿ ಮಾಡಿದ್ದಾದರೆ 4ರ ಆಸುಪಾಸು. ಹಳೆಯ ಅಲ್ಯೂಮಿನಿಯಂ ಕರಗಿಸಿ ಮಾಡಿದ್ದಕ್ಕೆ ಹೊಸದರ ಶೇಕಡಾ 5ರಷ್ಟು ಶಕ್ತಿ ಸಾಕು, ನಾನು ವಿಂಗಡಿಸುವುದು ತರುವುದು ಎಲ್ಲ ಸೇರಿಸಿ ಕೆಜಿಗೆ 1 ಹಿಡಿಯುತ್ತೇನೆ.

ಹೆಸರು ಒಂದೇ, ಅಂಕಿ ಒಂದರಿಂದ ಹದಿನೆಂಟು.

ಒಮ್ಮೆ ಒಂದು ಘಟಕದವರು ತಾವೇ ಮಾಡಿದ ಲೆಕ್ಕ ತಂದು ತೋರಿಸಿದರು. ಅಲ್ಯೂಮಿನಿಯಂಗೆ 7 ಅಂತ ಇತ್ತು. ಎಲ್ಲಿಂದ ಬಂತು ಅಂತ ಹುಡುಕಿದರೆ ಯುರೋಪಿನಲ್ಲಿ ತಯಾರಾಗುವ ಲೋಹದ ಸರಾಸರಿ ಅದು. ಅವರು ಕೊಳ್ಳುತ್ತಿದ್ದ ಗಟ್ಟಿ ಬರುತ್ತಿದ್ದುದು ಕಲ್ಲಿದ್ದಲಿನ ಕರೆಂಟಿನ ಸ್ಮೆಲ್ಟರಿನಿಂದ. ಮೂರು ತಿಂಗಳು ಕೂತು ಮೀಟರ್ ರೀಡಿಂಗ್ ಎಲ್ಲ ಚೆನ್ನಾಗಿ ಬರೆದಿದ್ದರು, ಆದರೆ ಈ ಒಂದೇ ಸಾಲಿನಿಂದ ಉತ್ತರ ಅರ್ಧಕ್ಕೂ ಕೆಳಗೆ ಇಳಿದಿತ್ತು. ಪಾಪ, ಬೇಕು ಅಂತ ಮಾಡಿದ್ದಲ್ಲ. ಅದಕ್ಕೇ ಹೇಳುವುದು, ಸಾಫ್ಟ್‌ವೇರಿನಲ್ಲಿ ಸಿಕ್ಕಿದ ಮೊದಲ ಅಂಕಿ ಹಾಕಬೇಡಿ. ಓಪನ್‌ಎಲ್‌ಸಿಎ ಅನ್ನುವ ಲೆಕ್ಕದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಒಳ್ಳೆಯದೂ ಹೌದು. ಇಕೋಇನ್ವೆಂಟ್ ಅನ್ನುವ ಗುಣಕಗಳ ದತ್ತಾಂಶಕ್ಕೆ ದುಡ್ಡು ಕೊಡಬೇಕು. ಯಾವುದೇ ಇರಲಿ, ಅಂಕಿಯ ಪಕ್ಕದಲ್ಲಿ ದೇಶ ಮತ್ತು ವರ್ಷ ಓದಿ. ಸರಬರಾಜುದಾರರಿಂದಲೇ ಅಂಕಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ.

ಈಗ ಕೂಡಿಸೋಣ. ಕಬ್ಬಿಣದ ನಾಲ್ಕು ರಿಮ್: 37 ಕೆಜಿ ಹಾಳೆಗೆ 2.5ರಂತೆ 92.5. ಒತ್ತುವುದು, ವೆಲ್ಡಿಂಗ್, ಪೇಂಟಿಂಗ್‌ಗೆ 10 ಯೂನಿಟ್ ಹಿಡಿದರೆ 7. ಒಟ್ಟು ಸುಮಾರು 100 ಕೆಜಿ ಸಿಓಟು. ಅಲಾಯ್ ನಾಲ್ಕು ರಿಮ್: 26.4 ಕೆಜಿಗೆ 18ರಂತೆ 475. ಕರಗಿಸುವುದು, ಎರಕ, ಆಮೇಲೆ ಸುಮಾರು 540 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಹದ ಮಾಡುವುದು, ಇದಕ್ಕೆಲ್ಲ ಕೆಜಿಗೆ 2ರಂತೆ 53. ಒಟ್ಟು ಸುಮಾರು 530. ಹಳೆಯ ಲೋಹದ್ದಾದರೆ 26 ಮತ್ತು 53, ಹತ್ತಿರ ಹತ್ತಿರ 80.

ಎಲೆಕ್ಟ್ರಾನಿಕ್ ಭಾಗಗಳಿಗೆ ಮಾತ್ರ ಈ ತೂಕ ಗುಣಿಸುವ ಪದ್ಧತಿ ನಡೆಯುವುದಿಲ್ಲ. ಸೆನ್ಸರು, ಎಂಜಿನ್ ನಿಯಂತ್ರಿಸುವ ಇಸಿಯು ಇವುಗಳ ಒಳಗಿನ ಚಿಪ್ಪು ಗ್ರಾಂ ಲೆಕ್ಕದಲ್ಲಿರುತ್ತದೆ, ಅದನ್ನು ಮಾಡಲು ಬೇಕಾಗುವ ಶಕ್ತಿ ಅದರ ತೂಕಕ್ಕೆ ಸಂಬಂಧವೇ ಇಲ್ಲದಷ್ಟು. ಲಿಥಿಯಂ ಬ್ಯಾಟರಿಯನ್ನೂ ಕೆಜಿಗಲ್ಲ, ಕಿಲೋವಾಟ್ ಅವರ್‌ಗೆ ಇಷ್ಟು ಅಂತ ಲೆಕ್ಕ ಮಾಡುತ್ತಾರೆ.

ಹಂತ 6: ಸಾಗಣೆ

ಬೇಗ ಮುಗಿಸಿ. ಟನ್ ಗುಣಿಸು ಕಿಲೋಮೀಟರ್, ಅದಕ್ಕೆ ಲಾರಿಯ ಗುಣಕ, ದೊಡ್ಡ ಲಾರಿಗೆ 0.1 ಕೆಜಿ ಹಿಡಿದರೆ ನಡೆಯುತ್ತದೆ. ನಾಲ್ಕು ರಿಮ್ ಬೆಂಗಳೂರಿನಿಂದ ಶಿರಸಿಗೆ 400 ಕಿಮೀ ಬಂದರೆ ಸುಮಾರು 1.2 ಕೆಜಿ ಸಿಓಟು. 530ರ ಮುಂದೆ ಇದು ಏನೂ ಅಲ್ಲ. ಕಣ್ಣಿಗೆ ಕಾಣುವುದು ಲಾರಿಯ ಹೊಗೆ, ಅದಕ್ಕೆ ಎಲ್ಲರೂ ಸಾಗಣೆಯ ಮೇಲೆ ವಾರಗಟ್ಟಲೆ ಕೂರುತ್ತಾರೆ. ಕೊಂಕಣ ರೈಲಿನಲ್ಲಿ ಲಾರಿಗಳನ್ನೇ ಏರಿಸಿಕೊಂಡು ಹೋಗುವ ರೋರೋ ಒಳ್ಳೆಯ ವ್ಯವಸ್ಥೆ, ಆದರೆ ರಿಮ್ಮಿನ ಲೆಕ್ಕ ಅದರಿಂದ ಬದಲಾಗುವುದಿಲ್ಲ.

ಹಂತ 7: ಓಟದ ಲೆಕ್ಕ

ಭಾವನ ಪ್ರಶ್ನೆ ಇರುವುದೇ ಇಲ್ಲಿ. ಪೆಟ್ರೋಲ್ ಕಾರಿಗೆ 100 ಕೆಜಿ ತೂಕ ಕಮ್ಮಿ ಮಾಡಿದರೆ, ಎಂಜಿನ್ ಬದಲಿಸದೆ, 100 ಕಿಲೋಮೀಟರಿಗೆ ಸುಮಾರು 0.15 ಲೀಟರ್ ಉಳಿಯುತ್ತದೆ. ತಿರುಗುವ ಭಾಗ ಆದ್ದರಿಂದ, ಘಟ್ಟವೂ ಇದೆ ಅಂತ, ಧಾರಾಳವಾಗಿ ಎರಡು ಪಟ್ಟು, 0.3 ಅಂತಲೂ ಒಂದು ಸಲ ಹಾಕಿ ನೋಡೋಣ.

ನಾಲ್ಕು ರಿಮ್ಮಿನಿಂದ ಉಳಿದ ತೂಕ 3.2 ಕೆಜಿ. ಒಂದೂವರೆ ಲಕ್ಷ ಕಿಲೋಮೀಟರಿಗೆ ಉಳಿದ ಪೆಟ್ರೋಲ್ 7.2 ಲೀಟರ್, ಧಾರಾಳ ಲೆಕ್ಕದಲ್ಲಿ 14.4. ಪೆಟ್ರೋಲ್ ಲೀಟರಿಗೆ ಸುಟ್ಟಾಗ 2.31 ಕೆಜಿ ಸಿಓಟು, ಬಾವಿಯಿಂದ ಪಂಪಿನವರೆಗಿನದ್ದೂ ಸೇರಿದರೆ 2.8ರ ಹತ್ತಿರ. ಅಲ್ಲಿಗೆ ಉಳಿತಾಯ 20ರಿಂದ 40 ಕೆಜಿ. ಆದರೆ ಹೊಸ ಲೋಹದ ಅಲಾಯ್ ಶುರುವಿನಲ್ಲೇ 430 ಕೆಜಿ (530ರಲ್ಲಿ ಕಬ್ಬಿಣದ 100 ಕಳೆದು) ಸಾಲ ಹೊತ್ತು ಬಂದಿದೆ. ಅದು ತೀರಬೇಕಾದರೆ ಧಾರಾಳ ಲೆಕ್ಕದಲ್ಲೂ 16 ಲಕ್ಷ ಕಿಲೋಮೀಟರ್ ಓಡಬೇಕು. ಯಾವ ಕಾರು ಓಡುತ್ತದೆ ಅಷ್ಟು?

ಎರಡನ್ನು ಹೋಲಿಸುವಾಗ ಈ ವ್ಯತ್ಯಾಸ ಸಾಕು. ಒಂದೇ ಭಾಗದ ಪೂರ್ತಿ ವರದಿ ಬರೆಯುವಾಗ ಅದರ ಇಡೀ ತೂಕ ಹೊರಲು ಖರ್ಚಾದ ಪೆಟ್ರೋಲ್ ಸೇರಿಸಬೇಕು. 0.15ರ ಲೆಕ್ಕದಲ್ಲಿ ಕಬ್ಬಿಣದ್ದಕ್ಕೆ 186, ಅಲಾಯ್‌ಗೆ 166. ಆಗ ಒಟ್ಟು: ಕಬ್ಬಿಣ 286, ಹೊಸ ಲೋಹದ ಅಲಾಯ್ 696, ಹಳೆಯ ಲೋಹದ ಅಲಾಯ್ 246.

ಹಂತ 8: ಗುಜರಿ

ಆಯಸ್ಸು ಮುಗಿದ ಗಾಡಿಗಳಿಗೆ 2025ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದಿದೆ, ತಯಾರಕರ ಮೇಲೂ ಜವಾಬ್ದಾರಿ ಇದೆ. ಅಲಾಯ್‌ಗೆ ಗುಜರಿಯವರು ಕಬ್ಬಿಣಕ್ಕಿಂತ ಎಷ್ಟೋ ಜಾಸ್ತಿ ರೇಟ್ ಕೊಡುತ್ತಾರೆ, ಹಾಗಾಗಿ ಅದು ಮಣ್ಣುಪಾಲಾಗುವುದಿಲ್ಲ, ಮತ್ತೆ ಕುಲುಮೆಗೆ ಹೋಗುತ್ತದೆ. ಇದರ ಪುಣ್ಯ ಯಾರಿಗೆ? ಎರಡು ಪದ್ಧತಿ ಇದೆ. ಒಂದು, ಹಳೆಯ ಲೋಹ ಬಳಸಿದವರಿಗೆ ಕಮ್ಮಿ ಅಂಕಿ ಕೊಡುವುದು. ಇನ್ನೊಂದು, ಕೊನೆಯಲ್ಲಿ ಗುಜರಿಗೆ ಕೊಟ್ಟವರ ಲೆಕ್ಕದಲ್ಲಿ ಕಳೆಯುವುದು. ಯಾವುದಾದರೂ ಒಂದನ್ನು ಹಿಡಿಯಿರಿ. ಎರಡನ್ನೂ ತೆಗೆದುಕೊಂಡರೆ ಒಂದೇ ಅಡಿಕೆ ಚೀಲವನ್ನು ಎರಡು ಸಲ ತೂಗಿ ದುಡ್ಡು ಕೇಳಿದ ಹಾಗೆ. ನಾನು ಇಲ್ಲಿ ಮೊದಲನೆಯದನ್ನು ಹಿಡಿದಿದ್ದೇನೆ.

ಹಂತ 9: ಅಲ್ಲಾಡಿಸಿ ನೋಡಿ

ಉತ್ತರ ಬಂತು ಅಂತ ನಿಲ್ಲಿಸಬೇಡಿ. ಒಂದೊಂದೇ ಅಂಕಿ ಬದಲಿಸಿ, ಮೇಲು ಕೆಳಗು ಆಗುತ್ತದಾ ನೋಡಿ.

ನಾನು ಮೊದಲು ಬದಲಿಸಿದ್ದು ಆಯಸ್ಸು, ಯಾಕೆಂದರೆ ಕರಾವಳಿ. ಕುಮಟಾದ ಪಂಕ್ಚರ್ ಅಂಗಡಿಯಲ್ಲಿ ಒಮ್ಮೆ ನನ್ನ ಕಾರಿನ ಟೈರ್ ಬಿಚ್ಚಿದಾಗ, ಟೈರಿನ ಅಂಚು ಕೂರುವ ಜಾಗದಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಉಗುರು ತಾಗಿಸಿದರೆ ಚಕ್ಕೆ ಉದುರುತ್ತಿತ್ತು. ಗಾಳಿ ಇಳಿಯುತ್ತಿದ್ದುದು ಮೊಳೆಯಿಂದಲ್ಲ, ಅಲ್ಲಿಂದ. "ಇದು ನಮ್ಮ ಸಮುದ್ರದ ಗಾಳಿ ಮಾರಾಯ್ರೆ, ಬ್ರಷ್ ಹೊಡ್ದು ಪೇಂಟ್ ಮಾಡಿದ್ರೆ ಇನ್ನೂ ನಡೀತದೆ" ಅಂದರು ಅಂಗಡಿಯವರು. ಉಪ್ಪುಗಾಳಿಗೆ ಅಲಾಯ್ ಕೂಡ ಬಿಳಿ ಪುಡಿ ಎದ್ದು ಹಾಳಾಗುತ್ತದೆ, ಆದರೆ ಕಬ್ಬಿಣಕ್ಕೆ ತೀರ ಕಷ್ಟದ ಸ್ಥಿತಿ ಹಿಡಿಯೋಣ: 75,000 ಕಿಲೋಮೀಟರಿಗೇ ನಾಲ್ಕೂ ಬದಲಿಸಬೇಕಾಯಿತು. ಆಗ ತಯಾರಿಯ ಪಾಲು 200, ಒಟ್ಟು 386. ಹೊಸ ಲೋಹದ ಅಲಾಯ್‌ನ 696ಕ್ಕಿಂತ ಈಗಲೂ ಕಮ್ಮಿ. ಆದರೆ ಹಳೆಯ ಲೋಹದ ಅಲಾಯ್‌ನ 246ಕ್ಕಿಂತ ಬಹಳ ಜಾಸ್ತಿ. ಬ್ರಷ್ ಹೊಡೆದು ಪೇಂಟ್ ಮಾಡಿದ ಆ ಅರ್ಧ ಗಂಟೆಯ ಕೆಲಸ ನೂರು ಕೆಜಿ ಸಿಓಟು ಉಳಿಸಬಲ್ಲದು, ಅದು ಯಾವ ವರದಿಯಲ್ಲೂ ಬರೆದಿರುವುದಿಲ್ಲ.

ಆಮೇಲೆ ಓಟದ ಅಂಕಿ 0.3 ಮಾಡಿ ನೋಡಿದೆ. ಒಟ್ಟು ಕಬ್ಬಿಣ 473, ಹೊಸ ಲೋಹದ ಅಲಾಯ್ 863, ಹಳೆಯ ಲೋಹದ ಅಲಾಯ್ 413. ಯಾವುದು ಮೇಲು, ಯಾವುದು ಕೆಳಗು ಅನ್ನುವುದು ಬದಲಾಗಲಿಲ್ಲ. ಅಲ್ಯೂಮಿನಿಯಂ ಗುಣಕವನ್ನು 18ರಿಂದ 4ಕ್ಕೆ ಇಳಿಸಿದರೆ ಮಾತ್ರ 696 ಇದ್ದದ್ದು 325 ಆಗಿ ಕಬ್ಬಿಣದ ಹತ್ತಿರ ಬರುತ್ತದೆ. ಅಂದರೆ ಇಲ್ಲಿ ಫಲಿತಾಂಶ ಬದಲಿಸುವ ಅಂಕಿ ಮೈಲೇಜ್ ಅಲ್ಲ, ಲೋಹದ ಮೂಲ.

ಹಂತ 10: ಬರೆದಿಡಿ

ಅಳತೆಯ ಘಟಕ, ಗಡಿಯ ಚಿತ್ರ, ಪ್ರತಿ ಅಂಕಿ ಎಲ್ಲಿಂದ ಬಂತು, ಯಾವ ವರ್ಷದ್ದು, ಯಾವುದು ಅಳೆದದ್ದು, ಯಾವುದು ಅಂದಾಜು. ಎರಡು ಮಾಲನ್ನು ಹೋಲಿಸಿ "ನಮ್ಮದೇ ಒಳ್ಳೆಯದು" ಅಂತ ಜನರ ಮುಂದೆ ಹೇಳುವುದಾದರೆ ಹೊರಗಿನ ತಜ್ಞರ ತಂಡ ಪರಿಶೀಲಿಸಬೇಕು ಅಂತ ಐಎಸ್‌ಒ 14044 ಹೇಳುತ್ತದೆ. ನನ್ನ ಈ ರಿಮ್ಮಿನ ಲೆಕ್ಕ ಮನೆಯಂಗಳದ್ದು, ಜಾಹೀರಾತಿಗೆ ಬರುವುದಿಲ್ಲ.

ಭಾವ ಸದ್ಯ ಕಬ್ಬಿಣದ ರಿಮ್ಮನ್ನೇ ಉಜ್ಜಿ ಪೇಂಟ್ ಮಾಡಿಸಿದ್ದಾರೆ. ಅಲಾಯ್ ಆಸೆ ಪೂರ್ತಿ ಬಿಟ್ಟಿಲ್ಲ. ರಿಮ್ ಮಾಡುವ ಕಂಪನಿಗೆ ಕಳಿಸಲು ನಾನು ಅವರಿಗೆ ಬರೆದುಕೊಟ್ಟ ಪ್ರಶ್ನೆಗಳು ಇವು, ನೀವೂ ಹೀಗೇ ಕೇಳಬಹುದು: "ಈ ರಿಮ್ಮಿನ ಅಲ್ಯೂಮಿನಿಯಂ ಯಾವ ಸ್ಮೆಲ್ಟರಿನದು, ಅಲ್ಲಿನ ಕರೆಂಟ್ ಯಾವುದರಿಂದ? ಇದರಲ್ಲಿ ಜನ ಬಳಸಿ ಬಿಟ್ಟ ಹಳೆಯ ಲೋಹ ಶೇಕಡಾ ಎಷ್ಟು, ನಿಮ್ಮದೇ ಕಾರ್ಖಾನೆಯ ಚೂರು ಎಷ್ಟು, ಬೇರೆ ಬೇರೆ ಹೇಳಿ. ಹಳೆಯ ಲೋಹದಲ್ಲಿ ಕಬ್ಬಿಣದ ಅಂಶ ಸೇರಿದರೆ ರಿಮ್ ಪೆಡಸಾಗುತ್ತದೆ, ಅದಕ್ಕೆ ಏನು ಮಾಡಿದ್ದೀರಿ, ಹೊಡೆತದ ಪರೀಕ್ಷೆಯ ವರದಿ ಇದೆಯಾ? ತೂಕ ಎಷ್ಟು, ಗ್ರಾಂ ಲೆಕ್ಕದಲ್ಲಿ?"

ತೂಕದ ಪ್ರಶ್ನೆಗೆ ಮಾತ್ರ ಇಲ್ಲಿವರೆಗೆ ಉತ್ತರ ಬಂದಿದೆ. ಉಳಿದವಕ್ಕೆ ಭಾವ ಮತ್ತೆ ಬರೆದಿದ್ದಾರೆ.